ಗದ್ದದ ಮೇಲೊಂದು ಸೊನ್ನೆ

ಪುವೆರ್ತೊ ಮೊಂತ್ ಬಂದರಿನ ಮೀನು ಕಾರ್ಖಾನೆಯಲ್ಲಿ
ಮೊದಲ ಪಾಳಿ ಆರಕ್ಕೆ.
ಯಾಸ್ನಾ ಏಳುವುದು ನಾಲ್ಕಕ್ಕೆ.
ಒಲೆಗೆ ಎರಡು ಸೌದೆ, ಕೆಟಲಿಗೆ ನೀರು,
ಆಮೇಲೆ ಕನ್ನಡಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ.
ಗದ್ದದ್ದಕ್ಕೆ ಬೇಕು.
ನಿನ್ನೆ ಮೂರಿದ್ದವು, ಇವತ್ತು ಐದು.
ಒಂದಂತೂ ಮೂಗಿನ ಪಕ್ಕ, ಮಾಸ್ಕಿನ ತಂತಿ ಒತ್ತುವಲ್ಲೇ,
ಹೊರಡುವ ಮಾತೆತ್ತದ ನೆಂಟನಂತೆ ಕೂತಿದೆ.
ನಲವತ್ತೊಂದಕ್ಕೆ ಮೊಡವೆಯೇ! ತನ್ನಷ್ಟಕ್ಕೆ ನಗುತ್ತಾಳೆ.
ನಕ್ಕರೆ ಉರಿ.

ಎಂಟು ವರ್ಷದಿಂದ ಒಂದೇ ಕೆಲಸ:
ಬೆಲ್ಟಿನ ಮೇಲೆ ಹರಿದು ಬರುವ ಸಾಲ್ಮನ್ ಹೋಳಿನ ಮೈ ತಡವಿ
ಬೆರಳ ತುದಿಗೆ ತಾಗಿದ್ದನ್ನು ಚಿಮುಟದಿಂದ ಕೀಳುವುದು.
ಹೋಳಿಗೆ ಮೂವತ್ತು ಮುಳ್ಳು.
ಕಣ್ಣಿಗೆ ಕಾಣದ್ದೂ ಕೈಗೆ ಸಿಗುತ್ತದೆ,
ಸಿಕ್ಕಿದ್ದನ್ನು ಬಿಡಬಾರದೆಂದು ಕಲಿತ ಕೈ ಅದು.
ಆ ಕೈಗೀಗ ಡಾಕ್ಟರು ಹೇಳುತ್ತಾನೆ,
ಮುಟ್ಟಬೇಡಿ.

ಎಳೆಯ ಡಾಕ್ಟರು. ಅವನ ಮಾಸ್ಕಿನ ಅಂಚಿನಿಂದಲೂ
ಕೆಂಪಗೊಂದು ಇಣುಕುತ್ತಿತ್ತು.
ಪಾಳಿಯ ನಡುವೆ ಮಾಸ್ಕ್ ಬದಲಿಸಿ,
ಬರೀ ನೀರಲ್ಲಿ ಮುಖ ತೊಳೆಯಿರಿ,
ಈ ಮುಲಾಮು ರಾತ್ರಿ ಮಾತ್ರ, ಅವರೆಕಾಳಿನಷ್ಟು,
ಚೆನ್ನಾಗಿ ನಿದ್ದೆ ಮಾಡಿ,
ಚಿಂತೆ ಬೇಡ.
ಕೊನೆಯದಕ್ಕೆ ಚೀಟಿ ಬರೆಯಲಿಲ್ಲ.

ಚಿತೆಗೂ ಚಿಂತೆಗೂ ನಡುವೆ ಒಂದೇ ಸೊನ್ನೆ ಎನ್ನುತ್ತೇವೆ ನಾವು.
ಯಾಸ್ನಾಳಿಗೆ ನಮ್ಮ ಲಿಪಿ ಗೊತ್ತಿಲ್ಲ.
ಆದರೂ ಆ ಸೊನ್ನೆ
ಅಷ್ಟು ಸಮುದ್ರ ದಾಟಿ ಹೋಗಿ
ಅವಳ ಗದ್ದದ ಮೇಲೆ ಕೂತಿದೆ,
ಕೆಂಪಗೆ, ಸ್ವಲ್ಪ ಕೀವು ಕಟ್ಟಿ.

ಯಾಕೆಂದರೆ ಶುಕ್ರವಾರ.
ಶುಕ್ರವಾರ ಕೈತೊಳೆಯುವ ನಲ್ಲಿಗಳ ಮೇಲೆ
ಒಂದು ಹಾಳೆ ಅಂಟಿಸುತ್ತಾರೆ.
ಮುಂದಿನ ವಾರ ಬರಬೇಕಿಲ್ಲದವರ ಹೆಸರು.
ವಾರವಿಡೀ ಮಾಸ್ಕಿನೊಳಗೆ
ತನ್ನದೇ ಉಸಿರು ತನಗೇ ಬಡಿಯುತ್ತ
ಬಟ್ಟೆ ಒದ್ದೆ, ತುಟಿ ಉಪ್ಪು.
ಹೊರಗೆ ಹೋಳುಗಳಿಗೆ ಮಂಜುಗಡ್ಡೆಯ ತಂಪು,
ಒಳಗೆ ಮಾತ್ರ ಬೇಸಿಗೆ.

ಈ ಶುಕ್ರವಾರ ಯಾಸ್ನಾಳ ಹೆಸರಿರಲಿಲ್ಲ.
ಉಬೆರ್ಲಿಂದಾಳದಿತ್ತು.
ಎರಡು ವರ್ಷ ಮೊಣಕೈಗೆ ಮೊಣಕೈ ತಾಗಿಸಿ ನಿಂತವಳು,
ಹುಬ್ಬಲ್ಲೇ ಗೊಣಗಿ ಹುಬ್ಬಲ್ಲೇ ನಗುತ್ತಿದ್ದವಳು.
ಬೂಟು ಕಳಚುವ ಕೋಣೆಯಲ್ಲಿ
ಇನ್ಯಾಕೆ ಇದು ಎಂದು ಕಿವಿಯ ದಾರ ಬಿಡಿಸಿದಳು.
ಯಾಸ್ನಾ ಮೊದಲ ಬಾರಿ ಅವಳ ಬಾಯಿ ಕಂಡಳು.
ಊಹಿಸಿದ್ದಕ್ಕಿಂತ ಚಿಕ್ಕ ಬಾಯಿ,
ಒಂದು ಹಲ್ಲಿಲ್ಲ,
ಸುತ್ತ ಸೊನ್ನೆಗಳ ಸಾಲು.
ನಿನಗೂ?
ನನಗೂ.
ಅಷ್ಟೇ. ಬೇರೆ ಏನಾದರೂ ಹೇಳಬೇಕಿತ್ತು.
ಬಸ್ಸಿನ ಹಾರ್ನ್ ಆಯಿತು.

ಮನೆಯಲ್ಲಿ ಮಗಳು ಅಯೆಲೆನ್.
ಹದಿನೈದು. ಅವಳದು ಸರಿಯಾದ ವಯಸ್ಸಿನ ಮೊಡವೆ.
ಶಾಲೆ ಮತ್ತೆ ತೆರೆದ ದಿನ ಎಲ್ಲರೂ ಮಾಸ್ಕ್ ತೆಗೆದರೂ
ತಾನು ತೆಗೆಯಲಿಲ್ಲ,
ಊಟದ ಹೊತ್ತಿಗೆ ಗೋಡೆಗೆ ಮುಖ ಮಾಡಿ ತಿಂದಳು.
ಅದನ್ನವಳು ಯಾರಿಗೂ ಹೇಳಿರಲಿಲ್ಲ.
ಇವತ್ತು ಹೇಳಿದಳು,
ಅಮ್ಮ ಕೇಳದೆಯೇ,
ಒಲೆಯ ಮೇಲೆ ಅಜ್ಜಿ ಕಳಿಸಿದ ಮತಿಕೊ ಎಲೆ ಕುದಿಯುವಾಗ.

ನೀರು ಕಂದಾಯಿತು, ಆಮೇಲೆ ಕಪ್ಪಾಯಿತು.
ಹತ್ತಿಯ ಬಟ್ಟೆ ಅದ್ದಿ, ಹಿಂಡಿ,
ಉಗುರುಬೆಚ್ಚಗೆ ಆರುವ ತನಕ ಕಾದು
ಮಗಳು ತಾಯಿಯ ಗದ್ದಕ್ಕೆ ಹೊದಿಸಿದಳು.
ಗುಣವಾಗುತ್ತೋ ಇಲ್ಲವೋ, ಡಾಕ್ಟರನ್ನು ಕೇಳಿಲ್ಲ.

ಯಾಸ್ನಾಳ ಬೆರಳು ತಾನಾಗಿ ಮೇಲೆದ್ದಿತು,
ಮುಳ್ಳು ಹುಡುಕುತ್ತ.
ಅಯೆಲೆನ್ ಎರಡೂ ಕೈ ಹಿಡಿದು
ತನ್ನ ಮಡಿಲಲ್ಲಿ ಒತ್ತಿಟ್ಟುಕೊಂಡಳು.
ಎಷ್ಟು ತೊಳೆದರೂ ಮೀನು ವಾಸನೆ ಬಿಡದ ಕೈ,
ಒಂದೆರಡು ಸಲ ಕೊಸರಿತು,
ಆಮೇಲೆ ಸುಮ್ಮನಾಯಿತು.

ಬಟ್ಟೆಯ ಒಳಗಿನಿಂದ ಏನೋ ಅಂದಳು ಯಾಸ್ನಾ.
ಏನು?
ಉಬೆರ್ಲಿಂದಾಳಿಗೂ ಸ್ವಲ್ಪ ಎಲೆ ಎತ್ತಿಡು, ಅಂದೆ.